ಮಳೆಯಲ್ಲಿ ಹಳ್ಳ ಇಳಿದರೆ ಎಚ್ಚರ!

ಬಯಲುಸೀಮೆಯ ನಮಗೆ ಮಳೆ ಅಂದರೆ ಆಸೆ. ಗುಡ್ಡದವರಿಗೆ ಅದೇ ಮಳೆ ಒಮ್ಮೊಮ್ಮೆ ಮೃತ್ಯು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದು ಮನೆ, ತೋಟ ಕೊಚ್ಚಿಹೋದವು. 2024ರ ಜುಲೈ 30ರಂದು ಬೆಳಗಾಗುವ ಮೊದಲೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ನೀರಿನೊಡನೆ ಇಳಿದು ಬಂತು. ಇನ್ನೂರಕ್ಕೂ ಹೆಚ್ಚು ಜೀವ ಹೋಯಿತು.

ನಮ್ಮ ಒಣಹಳ್ಳದಲ್ಲೂ ಇದರ ಸಣ್ಣ ರೂಪ ಇದೆ. ಇಲ್ಲಿ ಬಿಸಿಲು, ಮೇಲೆಲ್ಲೋ ಮಳೆ. ನೋಡನೋಡುತ್ತ ಕೆಂಪು ನೀರು. ಆಚೆ ಮೇಯುತ್ತಿದ್ದ ಎತ್ತು ತರಲು ನಾನೊಮ್ಮೆ ಇಳಿದೆ. ಮೊಣಕಾಲಷ್ಟು ನೀರೇ ಕಾಲು ಕಿತ್ತಿತು. ಜಾಲಿ ಬೇರು ಸಿಕ್ಕಿ ಉಳಿದೆ. ಎತ್ತು ಆಗಲೇ ದಿಬ್ಬ ಹತ್ತಿ ನಿಂತಿತ್ತು!

ಗುಡ್ಡದವರೇ, ಮಳೆ ಸುರೀತಿದ್ದರೂ ಹಳ್ಳ ಇದ್ದಕ್ಕಿದ್ದಂತೆ ಇಳಿದರೆ ಮೇಲೆ ಮಣ್ಣು, ಮರ ಅಡ್ಡ ಬಿದ್ದಿರಬಹುದು. ಅದು ಒಡೆದರೆ ಓಡಲು ಹೊತ್ತಿರೋದಿಲ್ಲ. ನೀರು ಒಮ್ಮೆಗೇ ರಾಡಿಯಾದರೆ, ಮರ ವಾಲಿದರೆ, ನೆಲ ಬಿರಿದರೆ, ಮೇಲಿಂದ ಗುಡುಗಿನಂಥ ಸದ್ದು ಬಂದರೆ ಕಾಯಬೇಡಿ. ಹಳ್ಳದ ಗುಂಟ ಕೆಳಕ್ಕೆ ಓಡದೆ ಪಕ್ಕದ ಎತ್ತರಕ್ಕೆ ಹತ್ತಿ. ಮೊದಲೇ ದನದ ಕಣ್ಣಿ ಬಿಚ್ಚಿಡಿ. ದಾರಿಯನ್ನು ಹಗಲಲ್ಲೇ ನಡೆದು ನೋಡಿಕೊಳ್ಳಿ. ಭಾರಿ ಮಳೆಯ ರಾತ್ರಿ ಮನೆಗೊಬ್ಬರು ಎಚ್ಚರ ಇರಿ.

ಹೊರಡಿ ಅಂದಾಗ ಹೊರಟುಬಿಡಿ. ಸುಳ್ಳಾದರೆ ಒಂದು ರಾತ್ರಿಯ ನಿದ್ದೆ ಹೋಯಿತು, ಅಷ್ಟೇ.