ಪಾರ್ಶ್ವವಾಯುವಿನ ಚಿಕಿತ್ಸಾ ಪ್ರಯೋಗಗಳಲ್ಲಿ ನಮ್ಮ ಪಾಲು

ಮಿದುಳಿಗೆ ರಕ್ತವನ್ನೊಯ್ಯುವ ನಾಳವು ಹೆಪ್ಪಿನಿಂದ ಮುಚ್ಚಿಹೋದಾಗ ಇಲ್ಲವೆ ಒಡೆದಾಗ ಉಂಟಾಗುವ ವ್ಯಾಧಿಯೇ ಪಾರ್ಶ್ವವಾಯು. ಜನರ ಬಾಯಲ್ಲಿ ಲಕ್ವ. ಮುಂಬಯಿಯ ಒಂದೂವರೆ ಲಕ್ಷಕ್ಕೂ ಮಿಕ್ಕ ನಿವಾಸಿಗಳ ನಡುವೆ 2005–06ರಲ್ಲಿ ನಡೆದ ಸಮೀಕ್ಷೆಯಂತೆ, ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 145 ಮಂದಿ ಮೊದಲ ಬಾರಿಗೆ ಇದಕ್ಕೆ ತುತ್ತಾಗುತ್ತಿದ್ದರು.

ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕೆಂಬುದು ಇಂದು ಎಲ್ಲೆಡೆ ಒಪ್ಪಿತವಾದ ಮಾತು. ಇದಕ್ಕೆ ಆಧಾರವಾದುದು ಅಮೆರಿಕದಲ್ಲಿ ನಡೆದು 1995ರಲ್ಲಿಯೂ ಯುರೋಪಿನಲ್ಲಿ ನಡೆದು 2008ರಲ್ಲಿಯೂ ಪ್ರಕಟವಾದ ಪ್ರಯೋಗಗಳು. ಆ ರೋಗಿಗಳ ಆಹಾರ, ದೇಹಸ್ಥಿತಿ, ಆಸ್ಪತ್ರೆ ತಲುಪುವ ಅನುಕೂಲ ನಮ್ಮವಲ್ಲ. ನಮ್ಮವರಿಗೆ ಯಾವುದು ಹಿತವೆಂಬುದನ್ನು ನಮ್ಮವರ ನಡುವೆಯೇ ಪರೀಕ್ಷಿಸಬೇಕಲ್ಲವೆ?

ಆದರೆ ಒಂದು ಆಸ್ಪತ್ರೆಯಿಂದ ಇದು ಆಗದು. ನೂರರಲ್ಲಿ ಐವರಿಗೆ ಮರುಕಳಿಸುವ ರೋಗವು ಹೊಸ ಚಿಕಿತ್ಸೆಯಿಂದ ನಾಲ್ವರಿಗೆ ಇಳಿಯಿತೆಂದು ಖಚಿತವಾಗಿ ಹೇಳಲು ಸಾವಿರಾರು ರೋಗಿಗಳು ಬೇಕು. ಒಂದೇ ಶಾಖೆಯ ಲೆಕ್ಕದಿಂದ ಬ್ಯಾಂಕಿನ ಸ್ಥಿತಿ ತಿಳಿಯದು. ಎಲ್ಲ ಶಾಖೆಗಳೂ ಒಂದೇ ಪದ್ಧತಿಯಲ್ಲಿ ಲೆಕ್ಕವಿಟ್ಟಾಗಲೇ ಮೊತ್ತಕ್ಕೆ ಅರ್ಥ. ಆಸ್ಪತ್ರೆಗಳ ಜಾಲದ ತತ್ತ್ವವೂ ಇದೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ‘ಇನ್‌ಸ್ಟ್ರಕ್ಟ್’ ಎಂಬ ಇಂಥ ಜಾಲ ನಮ್ಮ ದೇಶದಲ್ಲಿಯೂ ಏರ್ಪಟ್ಟಿದೆ. ಅದರ ‘ಸ್ಪ್ರಿಂಟ್ ಇಂಡಿಯಾ’ ಪ್ರಯೋಗದಲ್ಲಿ 31 ಕೇಂದ್ರಗಳ 4,298 ರೋಗಿಗಳು ಪಾಲ್ಗೊಂಡರು. ಅರ್ಧದಷ್ಟು ಮಂದಿಗೆ ಎಂದಿನ ಚಿಕಿತ್ಸೆಯೊಡನೆ ಮೊಬೈಲ್ ಸಂದೇಶ, ವಿಡಿಯೊ ಮತ್ತು ಕೈಪುಸ್ತಕಗಳ ಮೂಲಕ ದೇಶಭಾಷೆಗಳಲ್ಲಿ ತಿಳಿವಳಿಕೆ ನೀಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮದ್ಯ-ಧೂಮಪಾನಗಳನ್ನು ಬಿಟ್ಟವರೂ ಔಷಧಿಯನ್ನು ತಪ್ಪದೆ ಸೇವಿಸಿದವರೂ ಈ ಗುಂಪಿನಲ್ಲಿ ಹೆಚ್ಚಾದರೂ, ಒಂದು ವರ್ಷದೊಳಗೆ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ಇದು ಸೋಲಲ್ಲ; ಸರಿಯೆಂದು ತೋರುವ ಉಪಾಯವನ್ನೂ ಪರೀಕ್ಷಿಸಿಯೇ ನಂಬಬೇಕೆಂಬ ಪಾಠ.

ಇನ್ನು ನಮ್ಮ ಭಾಗದ ಮಾತು. ಮಾಜಿವಾಡಾದಿಂದ ಗಾಯಮುಖದವರೆಗೆ ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿ ಎಷ್ಟೋ ಕನ್ನಡ ಮನೆಗಳಿವೆ. ಊರಿನ ಮನೆಗೆ ಬೀಗ ಹಾಕಿ ಮಗನಲ್ಲಿಗೆ ಬಂದ ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ನಡುಹಗಲಿನಲ್ಲಿ ಆಕೆಯ ಬಾಯಿ ಓರೆಯಾಗಿ ಕೈ ಬಿದ್ದುಹೋದರೆ, ಮಗ-ಸೊಸೆ ಕಛೇರಿಯಿಂದ ವಾಹನಸಂದಣಿಯನ್ನು ದಾಟಿ ಬರಬೇಕು. ಆಸ್ಪತ್ರೆಯಲ್ಲಿ ಪ್ರಯೋಗ ನಡೆಯುತ್ತಿದ್ದರೂ, ತಿಳಿಸಿ ಹೇಳುವವರಿಲ್ಲದೆ, ಒಪ್ಪಿಗೆ ನೀಡುವವರಿಲ್ಲದೆ ಆಕೆ ಹೊರಗುಳಿಯುವ ಸಂಭವವೇ ಹೆಚ್ಚು. ಮಾತು ನಿಂತವರು, ಅತಿ ವೃದ್ಧರು, ದಿನಗೂಲಿಯವರು ಹೊರಗುಳಿಯುವುದೂ ಹೀಗೆಯೇ. ಕೊನೆಗೆ ಅವರನ್ನು ಬಿಟ್ಟು ಕಂಡುಕೊಂಡ ಚಿಕಿತ್ಸೆಯನ್ನೇ ಅವರಿಗೂ ಕೊಡುತ್ತೇವೆ.

ಆದ್ದರಿಂದ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಜಾಲವೊಂದು ರೂಪುಗೊಳ್ಳುವುದಾದರೆ, ಅದರಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳಷ್ಟೇ ಅಲ್ಲ, ಮಹಾನಗರಪಾಲಿಕೆಯ ಆಸ್ಪತ್ರೆಗಳೂ ಇರಬೇಕು. ಒಪ್ಪಿಗೆಪತ್ರ ಮರಾಠಿ, ಹಿಂದಿಗಳಂತೆ ಕನ್ನಡದಲ್ಲಿಯೂ ದೊರೆಯಬೇಕು. ಮರುತಪಾಸಣೆಗೆ ಬರುವವರ ಪ್ರಯಾಣವೆಚ್ಚವನ್ನು ಪ್ರಯೋಗವೇ ಭರಿಸಬೇಕು.

‘ನಮ್ಮ ಮೇಲೆ ಪ್ರಯೋಗವೆ?’ ಎಂಬ ಅಂಜಿಕೆಯೂ ಸಹಜವೇ. 2019ರ ನೂತನ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದಲಾರದವರ ಪಕ್ಕದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರಗಳಿಗೆ ಅವಕಾಶವುಂಟು. ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ನಿರಾಕರಿಸಿದವರ ಎಂದಿನ ಚಿಕಿತ್ಸೆಗೆ ಕುಂದು ಬರಬಾರದು.

ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಬಹಳವಿದೆ. ಆಸ್ಪತ್ರೆಗೆ ಕರೆದೊಡನೆ ಬಂದು ಕನ್ನಡದಲ್ಲಿ ತಿಳಿಸಿಕೊಡಬಲ್ಲ ಸದಸ್ಯರ ಪಟ್ಟಿಯೊಂದನ್ನು ಪ್ರತಿ ಸಂಘವೂ ಸಿದ್ಧಪಡಿಸಲಿ. ಬಾಯಿ ಓರೆಯಾಗುವುದು, ತೋಳು ಸೋಲುವುದು, ಮಾತು ತೊದಲುವುದು ಕಂಡರೆ ಮಕ್ಕಳ ಬರವಿಗಾಗಿ ಕಾಯದೆ 108ಕ್ಕೆ ಕರೆ ಮಾಡಬೇಕೆಂದು ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಸೋಣ. ಸಕಾಲಕ್ಕೆ ಆಸ್ಪತ್ರೆ ಸೇರಿದವರಿಗಷ್ಟೇ ಚಿಕಿತ್ಸೆಯ ಫಲವೂ ಪ್ರಯೋಗದಲ್ಲಿ ಸ್ಥಾನವೂ ದೊರೆತೀತು.