ಟ್ಯಾಪ್ ಆರಿಸುವ ಮೊದಲು ರಂಧ್ರವನ್ನು ಕೇಳಿ

ಅಭ್ಯಾಸ ಬೋಧನೆಯಲ್ಲಿ ಮೆಷಿನಿಸ್ಟ್ ವಿಭಾಗಕ್ಕೆ ನಾನು ತೆಗೆದುಕೊಂಡ ಪಾಠ ‘ರಂಧ್ರದೊಳಗೆ ಥ್ರೆಡ್ ಮಾಡುವ ವಿಧಾನಗಳು’. ವಿಧಾನಗಳನ್ನು ಸಾಲಾಗಿ ಹಲಗೆಯ ಮೇಲೆ ಬರೆದೆ, ಒಂದೊಂದರ ಗುಣದೋಷ ಹೇಳಿದೆ. ವಿದ್ಯಾರ್ಥಿಗಳು ಅಚ್ಚುಕಟ್ಟಾಗಿ ಬರೆದುಕೊಂಡರು. ಪಾಠ ಚೆನ್ನಾಗಿಯೇ ಆಯಿತೆಂದುಕೊಂಡೆ.

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗ ಎರಡು ದಿನ ಮಿಲ್ಲಿಂಗ್ ಮಾಡಿದ್ದ ಉಕ್ಕಿನ ಜಾಬ್‌ನಲ್ಲಿ ಟ್ಯಾಪ್ ಮುರಿದು ಒಳಗೇ ಉಳಿಯಿತು. ರಂಧ್ರಕ್ಕೆ ತಳವಿತ್ತು, ಅವನು ಹಾಕಿದ್ದು ಗನ್ ಟ್ಯಾಪ್. ಅದು ಚಿಪ್ಸನ್ನು ಮುಂದಕ್ಕೆ ತಳ್ಳುತ್ತದೆ. ಹೋಗಲು ದಾರಿಯಿಲ್ಲದೆ ಚಿಪ್ಸ್ ತಳದಲ್ಲಿ ಗಿಡಿದುಕೊಂಡಿತ್ತು. “ಸರ್, ಎಲ್ಲಾ ವಿಧಾನ ಬರ್ಕೊಂಡಿದ್ದೆ. ಈ ತೂತಿಗೆ ಯಾವುದು ಅಂತ ನೀವು ಹೇಳಲಿಲ್ಲ” ಎಂದ. ಅವನ ಮಾತು ಸರಿಯಿತ್ತು.

ಮರುಪಾಠವನ್ನು ನಾಲ್ಕು ಪ್ರಶ್ನೆಗಳ ಮೇಲೆ ಕಟ್ಟಿದೆ.

ಒಂದು, ರಂಧ್ರಕ್ಕೆ ತಳ ಇದೆಯೇ? ಆರಪಾರ ಇದ್ದರೆ ಗನ್ ಟ್ಯಾಪ್. ತಳವಿದ್ದರೆ ಚಿಪ್ಸನ್ನು ಮೇಲಕ್ಕೆ ಎಳೆದು ತರುವ ಸ್ಪೈರಲ್ ಫ್ಲೂಟ್ ಟ್ಯಾಪ್. ಡ್ರಿಲ್ಲನ್ನು ಥ್ರೆಡ್ಡಿಗಿಂತ ಆಳಕ್ಕೆ ಇಳಿಸಬೇಕು.

ಎರಡು, ಲೋಹ ಯಾವುದು? ಅಲ್ಯೂಮಿನಿಯಂ, ಮೈಲ್ಡ್ ಸ್ಟೀಲ್‌ನಂಥ ಮೆದು ಲೋಹಕ್ಕೆ ಫಾರ್ಮ್ ಟ್ಯಾಪ್ ಬಳಸಬಹುದು. ಅದು ಕತ್ತರಿಸುವುದಿಲ್ಲ, ಒತ್ತಿ ರೂಪಿಸುತ್ತದೆ; ಚಿಪ್ಸ್ ಬರುವುದೇ ಇಲ್ಲ. ಆದರೆ ರಂಧ್ರ ದೊಡ್ಡದಿರಬೇಕು: ಎಂ8×1.25ಕ್ಕೆ ಕಟ್ಟಿಂಗ್ ಟ್ಯಾಪ್ ಆದರೆ 6.8 ಮಿ.ಮೀ. ಡ್ರಿಲ್, ಫಾರ್ಮ್ ಟ್ಯಾಪ್ ಆದರೆ ಸುಮಾರು 7.4. ಬಿರುಸಾದ ಬೀಡು ಕಬ್ಬಿಣಕ್ಕೆ ಇದು ಒಗ್ಗದು.

ಮೂರು, ಯಂತ್ರ ಯಾವುದು? ಥ್ರೆಡ್ ಮಿಲ್ಲಿಂಗ್‌ನಲ್ಲಿ ಕಟರ್ ತಾನು ತಿರುಗುತ್ತಲೇ ರಂಧ್ರದೊಳಗೆ ಸುತ್ತು ಹಾಕುತ್ತಾ ಪಿಚ್‌ಗೆ ತಕ್ಕಂತೆ ಏರಬೇಕು. ಮೂರು ಅಕ್ಷ ಒಟ್ಟಿಗೆ ಚಲಿಸುವ ಸಿಎನ್‌ಸಿ ಇಲ್ಲದೆ ಅದು ಆಗದು.

ನಾಲ್ಕು, ಮುರಿದರೆ ಕಳೆದುಕೊಳ್ಳುವುದೇನು? ಥ್ರೆಡ್ ಮಿಲ್ ರಂಧ್ರಕ್ಕಿಂತ ಸಣ್ಣದು. ಮುರಿದರೂ ಸಾಮಾನ್ಯವಾಗಿ ಹೊರತೆಗೆಯಬಹುದು, ಜಾಬ್ ಉಳಿಯುತ್ತದೆ. ಸಣ್ಣ ರಂಧ್ರಗಳು ನೂರಾರಿದ್ದರೆ ಟ್ಯಾಪೇ ಬೇಗ. ದುಬಾರಿ ಜಾಬ್‌ನ ಕೊನೆಯ ಕೆಲಸವೇ ಥ್ರೆಡ್ ಆಗಿದ್ದರೆ ಆ ನಿಧಾನವನ್ನು ಸಹಿಸಿಕೊಳ್ಳಬೇಕು.

ನಂತರ ಗುಂಪಿಗೊಂದರಂತೆ ಜಾಬ್‌ನ ಡ್ರಾಯಿಂಗ್ ಕೊಟ್ಟು, ಆಯ್ಕೆಯ ಜೊತೆ ಕಾರಣವನ್ನೂ ಕೇಳಿದೆ. ಟ್ಯಾಪ್ ಮುರಿದಿದ್ದ ಹುಡುಗ ಎಲ್ಲರಿಗಿಂತ ಮೊದಲು ಕೇಳಿದ್ದು, “ಸರ್, ಇದಕ್ಕೆ ತಳ ಇದೆಯಾ?”

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಪಾಠಯೋಜನೆಯಲ್ಲಿ ವಿಧಾನಗಳ ಪಟ್ಟಿಗಿಂತ ಮೊದಲು ಒಂದು ಡ್ರಾಯಿಂಗ್ ಇಡಿ.