ಮಾತಾಡುವ ಕನ್ನಡಕ ಯಾರ ಕಣ್ಣಿಗೆ?

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಎದುರಿಗೆ ಬಂದು ನಿಂತದ್ದು ಬಸ್ಸೆಂದು ಅವರಿಗೆ ಗೊತ್ತಾಗುತ್ತದೆ, ಬಾಗಿಲು ಯಾವ ಕಡೆ ಎಂಬುದೂ ಕಾಣುತ್ತದೆ, ಬೋರ್ಡಿನಲ್ಲಿರುವುದು ಟಿ. ನರಸೀಪುರವೋ ಗುಂಡ್ಲುಪೇಟೆಯೋ ಎಂಬುದು ಮಾತ್ರ ತಿಳಿಯುವುದಿಲ್ಲ. ನಾಲೆ ಏರಿಯ ಮೇಲೆ ಒಬ್ಬರೇ ನಡೆದುಹೋಗಬಲ್ಲರು, ಮಾತ್ರೆಯ ಪಟ್ಟಿಯ ಹಿಂದಿನ ತಾರೀಖನ್ನು ಓದಲಾರರು. ‘ಅಷ್ಟು ದೂರದ ತೆಂಗಿನಮರ ಕಾಣುತ್ತೆ, ಕೈಯಲ್ಲಿರೋ ಕಾಗದ ಕಾಣಲ್ವಾ?’ ಎಂದು ಮನೆಯವರೇ ಅನುಮಾನಪಡುವುದುಂಟು. ಆಪರೇಷನ್ನು, ಔಷಧಿ, ಕನ್ನಡಕ ಮೂರೂ ಮುಗಿದ ಮೇಲೆ ಉಳಿಯುವ ಈ ಅರೆನೋಟವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಂದದೃಷ್ಟಿ ಎಂದು ಗುರುತಿಸಿ, ಅಂಧತ್ವದಿಂದ ಬೇರೆಯಾಗಿಟ್ಟಿದೆ. ಹೆಚ್ಚು ಕಾಣುವ ಕಣ್ಣಿಗೆ ಸರಿಯಾದ ಕನ್ನಡಕ ಹಾಕಿದರೂ ದೃಷ್ಟಿ 6/18ನ್ನು ಮೀರದಿದ್ದರೆ, ಅಂದರೆ ಉಳಿದವರು 18 ಮೀಟರಿನಿಂದ ಓದುವ ಅಕ್ಷರಕ್ಕೆ ಇವರು 6 ಮೀಟರಿನಷ್ಟು ಹತ್ತಿರ ಬರಬೇಕಾದರೆ, ಅಲ್ಲಿಂದ ಈ ವರ್ಗ ಶುರು. ನೋಟದ ಹರವು 40 ಡಿಗ್ರಿಗಿಂತ ಕುಗ್ಗಿದವರೂ ಇದರಲ್ಲಿ ಸೇರುತ್ತಾರೆ.

ಇವರಿಗಾಗಿ ಮುಖಕ್ಕೆ ತೊಡುವ ವಿದ್ಯುನ್ಮಾನ ಸಾಧನ ಮಾಡುವ ಪ್ರಯತ್ನ ಹೊಸದಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆ ನಾಸಾದ ನೆರವು ಪಡೆದು 1990ರ ದಶಕದಲ್ಲೇ ಕ್ಯಾಮೆರಾ ಮತ್ತು ಪರದೆಯುಳ್ಳ ಒಂದು ತಲೆತೊಡುಗೆಯನ್ನು ಹೊರತಂದಿತ್ತು. ಭಾರವಾಗಿತ್ತು, ಕಪ್ಪು-ಬಿಳುಪಿನಲ್ಲಷ್ಟೇ ತೋರಿಸುತ್ತಿತ್ತು. ಆಮೇಲೆ ಕೆನಡಾದ ಇ-ಸೈಟ್ ಬಂತು, ಇಸ್ರೇಲಿನ ಆರ್‌ಕ್ಯಾಮ್ ಬಂತು, ನಮ್ಮ ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್‌ನವರ ಸ್ಮಾರ್ಟ್ ವಿಷನ್ ಕನ್ನಡಕವೂ ಬಂತು. ಎಲ್ಲವನ್ನೂ ನಾವು ಒಟ್ಟಾಗಿ ‘ಸ್ಮಾರ್ಟ್ ಕನ್ನಡಕ’ ಎನ್ನುತ್ತೇವೆ. ಆದರೆ ಇವು ಎರಡು ಬೇರೆ ಬೇರೆ ಜಾತಿಯವು. ಇ-ಸೈಟ್‌ನಂಥದ್ದು ಎದುರಿನ ದೃಶ್ಯವನ್ನು ಕ್ಯಾಮೆರಾದಲ್ಲಿ ಹಿಡಿದು, ದೊಡ್ಡದು ಮಾಡಿ, ಬಣ್ಣದ ವ್ಯತ್ಯಾಸ ಹೆಚ್ಚಿಸಿ ಕಣ್ಣಿನ ಮುಂದಿನ ಪುಟ್ಟ ಪರದೆಗೆ ಕೊಡುತ್ತದೆ. ನೋಡುವ ಕೆಲಸ ಕಣ್ಣಿನದೇ. ಆರ್‌ಕ್ಯಾಮ್, ಎಸ್‌ಎಚ್‌ಜಿಯಂಥವು ಅಕ್ಷರವನ್ನು ಓದಿ, ಎದುರಿಗಿರುವುದನ್ನು ಗುರುತಿಸಿ ಕಿವಿಗೆ ಹೇಳುತ್ತವೆ. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಪೂರ್ತಿ ಕಾಣದವರಿಗೆ ಎರಡನೆಯದು ವರ. ಅರ್ಧ ಕಾಣುವವರಿಗೆ ಯಾವುದು ಒಳ್ಳೆಯದು ಎಂಬುದನ್ನು ಅಂಗಡಿಯವರೂ ದಾನಿಗಳೂ ಹೇಳಲಾರರು. ಯಾವ ಕಣ್ಣು, ಯಾವ ಕೆಲಸ ಎಂದು ಮೊದಲು ವಿಚಾರಿಸುವ ಒಬ್ಬರು ತಾಲ್ಲೂಕಿನಲ್ಲೇ ಇಲ್ಲದಿದ್ದರೆ ಈ ಸಾಧನಗಳಿಗೆ ಸುರಿಯುವ ಹಣದಲ್ಲಿ ದೊಡ್ಡ ಪಾಲು ವ್ಯರ್ಥವಾಗಿ, ಸಾಧನಗಳು ಪೆಟ್ಟಿಗೆ ಸೇರುತ್ತವೆ ಎಂಬುದು ನನ್ನ ವಾದ.

ಕಣ್ಣಿನಿಂದಲೇ ಶುರು ಮಾಡೋಣ. ಸಕ್ಕರೆ ಕಾಯಿಲೆಯಿಂದಲೋ ವಯಸ್ಸಿನಿಂದಲೋ ಅಕ್ಷಿಪಟಲದ ನಡುಭಾಗ ಕೆಟ್ಟವರಿಗೆ ನೇರ ನೋಡಿದ್ದು ಮಸುಕು, ಪಕ್ಕದ್ದು ಸ್ಪಷ್ಟ. ಅಕ್ಷರವನ್ನು ದೊಡ್ಡದು ಮಾಡಿದರೆ ಅದು ಕೆಟ್ಟ ಜಾಗವನ್ನು ದಾಟಿ ಸುತ್ತಲ ಒಳ್ಳೆಯ ಜಾಗಕ್ಕೆ ಹರಡುತ್ತದೆ; ಓರೆಗಣ್ಣಿನಲ್ಲಿ ಓದುವ ಅಭ್ಯಾಸವನ್ನೂ ಕಲಿಸಿದರೆ ಪತ್ರಿಕೆ ಮತ್ತೆ ಕೈಗೆ ಬರುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಇದಕ್ಕೆ ತಿರುಗುಮುರುಗು. ಅದು ಇರುಳುಗಣ್ಣಿನಿಂದ ಆರಂಭವಾಗಿ, ವರ್ಷ ಕಳೆದಂತೆ ನೋಟವನ್ನು ಕೊಳವೆಯೊಳಗಿಂದ ಇಣುಕಿದಷ್ಟಕ್ಕೆ ಇಳಿಸುತ್ತದೆ. ವಂಶದಲ್ಲಿ ಹರಿದುಬರುವ ಕಾಯಿಲೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಸಂಬಂಧಗಳಲ್ಲಿ ಇದರ ಕೆಲವು ಬಗೆಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಇಂಥ ಕಣ್ಣಿಗೆ ಮೂರು ಪಟ್ಟು ದೊಡ್ಡದು ಮಾಡುವ ಕನ್ನಡಕ ಹಾಕಿದರೆ, ಕೊಳವೆಯಲ್ಲಿ ಮೊದಲು ಹಿಡಿಸುತ್ತಿದ್ದ ಪದ ಈಗ ಹಿಡಿಸುವುದಿಲ್ಲ, ಒಂದೆರಡು ಅಕ್ಷರ ಮಾತ್ರ ಉಳಿಯುತ್ತದೆ. ಸಹಾಯಕ್ಕೆ ಕೊಟ್ಟದ್ದೇ ಅಡ್ಡಿ. ಗ್ಲಾಕೋಮಾದಿಂದ ಹರವು ಕಳೆದುಕೊಂಡವರ ಪಾಡೂ ಹೆಚ್ಚುಕಡಿಮೆ ಇದೇ.

ಇನ್ನು, ಸಾಧನವೇ ಬೇಡದವರು ಬಹಳ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವಕ್ಕೆ ಶೇ 66ರಷ್ಟು ಕಾರಣ ತೆಗೆಯದೆ ಬಿಟ್ಟ ಪೊರೆ. ಅವರಿಗೆ ಬೇಕಾದದ್ದು ಆಪರೇಷನ್ನು. ಅವರ ಮೂಗಿನ ಮೇಲೆ ಕ್ಯಾಮೆರಾ ಕೂರಿಸುವುದು ಅನ್ಯಾಯವೇ ಸರಿ. ಟಿಪ್ಪುವಿನ ಆನೆಯ ಕಣ್ಣು ವಾಸಿಯಾಗಿ ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂತೆಂದು ಹೇಳುವ ಊರು ನಂಜನಗೂಡು. ವಾಸಿಯಾಗದೆ ಅರ್ಧ ಉಳಿದ ಕಣ್ಣಿನ ಕಥೆಯನ್ನು ಐತಿಹ್ಯಗಳು ಹೇಳುವುದಿಲ್ಲ, ನೇತ್ರ ಶಿಬಿರಗಳೂ ಹೇಳುವುದಿಲ್ಲ: ಪೊರೆ ಇದ್ದರೆ ಆಪರೇಷನ್ನಿಗೆ ಬರೆಯುತ್ತಾರೆ, ಇಲ್ಲದಿದ್ದರೆ ‘ಏನೂ ಮಾಡೋ ಹಾಗಿಲ್ಲ’ ಎಂದು ಕಳಿಸುತ್ತಾರೆ.

ಕಣ್ಣಾದ ಮೇಲೆ ಕೆಲಸ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೂರುತ್ತವೆ. ಇಂಗ್ಲಿಷ್ ಪತ್ರಿಕೆಗೆ ಸಾಕಾಗುವ ಹಿಗ್ಗಿಸುವಿಕೆ ಕನ್ನಡ ಪತ್ರಿಕೆಗೆ ಸಾಲದು, ‘ಹಳ್ಳಿ’ ಎಂಬುದು ‘ಹಳಿ’ಯಾಗಿಬಿಡುತ್ತದೆ. ಕಣ್ಣಿನ ಪರೀಕ್ಷೆಯನ್ನು ಇಂಗ್ಲಿಷ್ ಅಕ್ಷರದ ಪಟದಲ್ಲಿ ಮಾಡಿ ಸಾಧನ ಬರೆದುಕೊಟ್ಟರೆ ಈ ಕೊರತೆ ಗೊತ್ತಾಗುವುದೇ ಇಲ್ಲ. ಕಿವಿಗೆ ಓದಿ ಹೇಳುವ ಸಾಧನಗಳ ವಿಷಯದಲ್ಲಿ ನಮ್ಮ ಭಾಷೆ ತೀರಾ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡವನ್ನು ಯಂತ್ರ ಓದುವಂತೆ ಮಾಡುವ ‘ಲಿಪಿ ಜ್ಞಾನಿ’ಯನ್ನು ರೂಪಿಸಿದೆ. ಹಾಗಿದ್ದರೂ ಅಚ್ಚಾದ ಪುಟ ಬೇರೆ, ಊರಿನ ಬರಹ ಬೇರೆ. ನ್ಯಾಯಬೆಲೆ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ದರ, ಡಾಕ್ಟರ ಕೈಬರಹದ ಚೀಟಿ, ಬಿಸಿಲಿಗೆ ಬಿಳಿಚಿದ ಫ್ಲೆಕ್ಸು, ಬಸ್ಸಿನ ಹಣೆಯ ಮೇಲೆ ಹೊಳೆಯುವ ಎಲ್‌ಇಡಿ ಅಕ್ಷರ ಎಲ್ಲವೂ ಕ್ಯಾಮೆರಾಕ್ಕೆ ಕಷ್ಟ. ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ. ಕ್ಯಾಮೆರಾ ಅದನ್ನು ತುಂಡುತುಂಡಾದ ಪಟ್ಟಿಗಳಾಗಿ ಹಿಡಿಯುತ್ತದೆ. ದೊಡ್ಡದು ಮಾಡಿ ತೋರಿಸುವ ತಲೆತೊಡುಗೆಯನ್ನು ಹಾಕಿಕೊಂಡು ನಡೆಯುವುದಂತೂ ಹಲವರಿಗೆ ಕಷ್ಟ. ತಲೆ ತಿರುಗಿಸಿದ ಕ್ಷಣಕ್ಕೂ ಚಿತ್ರ ಬದಲಾಗುವ ಕ್ಷಣಕ್ಕೂ ನಡುವೆ ಒಂದಿಷ್ಟು ಅಂತರ ಉಳಿದು ಕೆಲವರಿಗೆ ವಾಕರಿಕೆ ಬರುತ್ತದೆ, ಹತ್ತಿರದ ಮೆಟ್ಟಿಲೂ ಎಲ್ಲಿದೆಯೆಂದು ಅಂದಾಜು ತಪ್ಪುತ್ತದೆ. ಅದು ಹೆಚ್ಚಾಗಿ ಒಂದೆಡೆ ಕೂತೋ ನಿಂತೋ ನೋಡುವ ಸಾಧನ. ಸೋಮನಾಥಪುರದ ಕೇಶವ ದೇವಾಲಯದ ಮುಂದೆ ನಿಂತು ಗೋಡೆಯ ಆನೆಸಾಲನ್ನು ನೋಡಲು ಬಹಳ ಚೆನ್ನಾಗಿರುತ್ತದೆ, ಒಳಗೆ ಹೋಗಲು ಅದನ್ನು ತೆಗೆದು ಕೈಯಲ್ಲಿ ಹಿಡಿಯಬೇಕು.

ಕಣ್ಣನ್ನೂ ಕೆಲಸವನ್ನೂ ಮೊದಲು ವಿಚಾರಿಸಬೇಕೆಂಬ ವಾದಕ್ಕೆ ಮೊದಲ ಆಕ್ಷೇಪ ಹೀಗಿರಬಹುದು: ಮೊದಲು ಪರೀಕ್ಷೆ, ಸಾಕಾದವರಿಗೆ ಬರೀ ಭೂತಗನ್ನಡಿ ಎನ್ನುವುದು ಬಡವರಿಗೆ ಅಗ್ಗದ್ದನ್ನು ಕೊಟ್ಟು ಕೈತೊಳೆದುಕೊಳ್ಳುವ ಉಪಾಯ, ಬೇಕಾದದ್ದನ್ನು ಹಂಚಿ, ಉಪಯೋಗಿಸುವುದನ್ನು ಜನರೇ ಕಲಿಯುತ್ತಾರೆ. ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ ಬೆಟ್ಸಿ ಫಿಲಿಪ್ಸ್ ಮತ್ತು ಹಾಂಗ್‌ಶಿನ್ ಝಾವೊ ಬಗೆಬಗೆಯ ಅಂಗವೈಕಲ್ಯವುಳ್ಳ 227 ಮಂದಿಯನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಟ್ಟ ಸಾಧನಗಳಲ್ಲಿ ಶೇ 29.3ನ್ನು ಜನ ಕೈಬಿಟ್ಟಿದ್ದರು. ಕಾರಣಗಳಲ್ಲಿ ಎರಡು ನಮಗೆ ನೇರ ಅನ್ವಯಿಸುತ್ತವೆ: ಬಳಸುವವರ ಅಭಿಪ್ರಾಯ ಕೇಳದಿರುವುದು, ಮತ್ತು ಸಾಧನ ತೀರಾ ಸುಲಭವಾಗಿ ಸಿಕ್ಕಿಬಿಡುವುದು. ಶಾಮಿಯಾನ ಹಾಕಿ, ಹಾರ ಹಾಕಿ, ಫೋಟೊ ತೆಗೆಸಿ ಹಂಚುವ ಸಮಾರಂಭಗಳಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತವೆ. ಭೂತಗನ್ನಡಿ ಬಡವರದು, ಪರದೆ ಶ್ರೀಮಂತರದು ಎಂಬ ವಿಂಗಡಣೆಯೂ ಸರಿಯಲ್ಲ. ಕೆಲವು ನೂರು ರೂಪಾಯಿಯ, ಕಾಲಿನ ಮೇಲೆ ನಿಲ್ಲುವ ಭೂತಗನ್ನಡಿಗೆ ಚಾರ್ಜು ಬೇಡ, ಕರೆಂಟು ಹೋದರೆ ಚಿಂತೆಯಿಲ್ಲ. ಪತ್ರಿಕೆ ಓದುವ ಒಂದೇ ಕೆಲಸಕ್ಕೆ ಅದು ಸಾಕಾದವರಿಗೆ ಹತ್ತಾರು ಸಾವಿರದ ಕನ್ನಡಕ ಹೊರೆ.

ವಿಚಾರಿಸುವವರು ಯಾರು ಎಂದರೆ, ಹೊಸ ಇಲಾಖೆಯೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ವ್ಯವಸ್ಥೆ ಕರ್ನಾಟಕದಲ್ಲಿ ಆಗಲೇ ಇದೆ. ಜನ ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ ಕರೆಯುವುದು. ವಿಶೇಷ ಅಗತ್ಯವುಳ್ಳ ಶಾಲಾ ಮಕ್ಕಳಿಗೆ ಬಿಐಇಆರ್‌ಟಿ ಎಂಬ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇವರೆಲ್ಲ ಈಗ ಹೆಚ್ಚಾಗಿ ಅರ್ಜಿ, ವಿಕಲಚೇತನರ ಯುಡಿಐಡಿ ಗುರುತಿನ ಕಾರ್ಡು, ಪಿಂಚಣಿಗಳ ಹಿಂದೆ ಓಡುವವರು. ಕನ್ನಡ ಅಕ್ಷರದ ಪಟ ಹಿಡಿದು ಓದಿಸುವುದನ್ನು, ಓರೆಗಣ್ಣಿನ ಓದನ್ನು ಅಭ್ಯಾಸ ಮಾಡಿಸುವುದನ್ನು, ಸಾಧನ ಕೊಟ್ಟ ತಿಂಗಳ ನಂತರ ಮನೆಗೆ ಹೋಗಿ ‘ಬಳಸ್ತಾ ಇದ್ದೀರಾ?’ ಎಂದು ಕೇಳುವುದನ್ನು ಅವರಿಗೆ ಕಲಿಸಬಹುದು. ಪಂಚಾಯಿತಿಗಳು ವಿಕಲಚೇತನರಿಗಾಗಿ ಮೀಸಲಿಡಬೇಕಾದ ಶೇ 5ರ ಹಣದಲ್ಲಿ ಒಂದು ಭಾಗವನ್ನು ಸಾಧನಕ್ಕೆ ಬದಲು ಈ ಕಲಿಕೆಗೆ ಕೊಡುವುದು ಸಾಧ್ಯ. ಗೌರವಧನದಲ್ಲಿ ದುಡಿಯುವವರ ತಲೆಗೆ ಇನ್ನೊಂದು ಕೆಲಸ ಕಟ್ಟುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕೆಲಸ ಕೊಟ್ಟರೆ ಕೂಲಿಯನ್ನೂ ಹೆಚ್ಚಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಮೊಬೈಲಿನಲ್ಲೇ ಅಕ್ಷರ ದೊಡ್ಡದು ಮಾಡುವ, ಓದಿ ಹೇಳುವ ಸೌಲಭ್ಯವಿದೆ, ತಂತ್ರಜ್ಞಾನ ವರ್ಷ ವರ್ಷ ಅಗ್ಗವಾಗುತ್ತಿದೆ, ಹಾಗಿರುವಾಗ ಇಷ್ಟು ಲೆಕ್ಕಾಚಾರ ಏಕೆ? ಮೊಬೈಲು ಸಾಕಾಗುವವರಿಗೆ ಮೊಬೈಲೇ ಸರಿ, ಅದನ್ನು ಕಂಡುಹಿಡಿಯುವುದೂ ಆ ವಿಚಾರಣೆಯ ಭಾಗ. ಆದರೆ ಅಗ್ಗವಾಗುವುದು ಬೇರೆ, ಬಾಳಿಕೆ ಬರುವುದು ಬೇರೆ. ನೆದರ್ಲೆಂಡ್ಸಿನ ಎನ್ವಿಷನ್ ಕಂಪನಿ ತನ್ನ ಮಾತಾಡುವ ಕನ್ನಡಕವನ್ನು ಕಟ್ಟಿದ್ದು ಗೂಗಲ್ ಗ್ಲಾಸಿನ ಮೇಲೆ. ಗೂಗಲ್ 2023ರ ಮಾರ್ಚಿನಲ್ಲಿ ಆ ಗ್ಲಾಸಿನ ಮಾರಾಟವನ್ನೇ ನಿಲ್ಲಿಸಿತು. ಇದಕ್ಕಿಂತ ಕಠೋರವಾದದ್ದು ಆರ್ಗಸ್‌–2ರ ಕಥೆ. ಕಣ್ಣಿನೊಳಗೆ ಕೂರಿಸಿದ ಸಾಧನಕ್ಕೆ ಕನ್ನಡಕದ ಕ್ಯಾಮೆರಾದಿಂದ ಸಂಕೇತ ಕಳಿಸುತ್ತಿದ್ದ ಅದಕ್ಕೆ 2013ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತ್ತು. ತಯಾರಕರು ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಕಣ್ಣಿನೊಳಗೆ ಅದನ್ನು ಹೊತ್ತವರು ರಿಪೇರಿಗೆ ಗತಿಯಿಲ್ಲದೆ ಉಳಿದರು. ಸರ್ಕಾರಿ ಖರೀದಿಯ ಟೆಂಡರಿನಲ್ಲಿ ಎಷ್ಟು ವರ್ಷ ರಿಪೇರಿ, ಅದು ಮೈಸೂರಿನಲ್ಲೇ ಆಗುತ್ತದೆಯೇ ಎಂಬ ಎರಡು ಸಾಲು ಇಲ್ಲದಿದ್ದರೆ ಅಗ್ಗದ ಬೆಲೆಗೆ ಅರ್ಥವಿಲ್ಲ.

ಎಲ್ಲ ಜಾಣತನವನ್ನೂ ಒಬ್ಬರ ಮುಖದ ಮೇಲೆಯೇ ಹೇರಬೇಕೆಂದೂ ಇಲ್ಲ. ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿ 2024ರಲ್ಲಿ 200 ನಗರ ಸಾರಿಗೆ ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಎಂಬ ವ್ಯವಸ್ಥೆಯನ್ನು ಅಳವಡಿಸಿತು. ಅದರ ಹಿಂದೆ ದೆಹಲಿ ಐಐಟಿಯವರ ಕೆಲಸವಿದೆ. ಕೈಯಲ್ಲಿರುವ ಪುಟ್ಟ ಸಾಧನದ ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸೇ ಸ್ಪೀಕರಿನಲ್ಲಿ ತನ್ನ ನಂಬರು ಕೂಗುತ್ತದೆ, ಬೇಕಾದ ಬಸ್ಸನ್ನು ಆರಿಸಿದರೆ ಬಾಗಿಲ ಕಡೆಯಿಂದ ಸದ್ದು ಮಾಡಿ ಕರೆಯುತ್ತದೆ. ಮಂದದೃಷ್ಟಿಯವರಿಗೂ ಪೂರ್ತಿ ಕಾಣದವರಿಗೂ ಇದು ಒಂದೇ ರೀತಿ ಒದಗುತ್ತದೆ, ಬಿಸಿಲು, ಎಲ್‌ಇಡಿ ಯಾವುದರ ಗೊಡವೆಯೂ ಇಲ್ಲ. ನಂಜನಗೂಡಿನಿಂದ, ಟಿ. ನರಸೀಪುರದಿಂದ ಹಳ್ಳಿಗಳಿಗೆ ಹೊರಡುವ ಬಸ್ಸುಗಳಿಗೂ ಇದನ್ನು ಹಾಕಿಸಿದರೆ, ಬೋರ್ಡು ಓದಲೆಂದೇ ಕನ್ನಡಕ ಬೇಕೆನ್ನುವವರ ಅರ್ಜಿಗಳನ್ನು ಎಂಆರ್‌ಡಬ್ಲ್ಯು ಬೇರೆ ತೆಗೆದಿಡಬಹುದು. ಮಾತ್ರೆಯ ಪಟ್ಟಿ, ಪಹಣಿ, ಪಠ್ಯಪುಸ್ತಕಗಳಿಗಾಗಿ ಬಂದ ಅರ್ಜಿಗಳಿಗೆ ಆ ಹಣ ಉಳಿಯುತ್ತದೆ.